ಅಜ್ಜಿಯ 1.1, ಹಮಾಲಿಯ 1.1

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಏನು ಅರ್ಥವಾಗುವುದಿಲ್ಲವೋ ಅದನ್ನು ಬರೆದು ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಕಿಡ್ನಿಯದ್ದೇ ಜಾಸ್ತಿ. ನಾನು ದಾವಣಗೆರೆಯ ಲ್ಯಾಬೊಂದರಲ್ಲಿ ಮೂವತ್ತು ವರ್ಷ ರಕ್ತದ ಟ್ಯೂಬುಗಳ ಜೊತೆ ಕಳೆದವನು. ಔಷಧಿ ಹೇಳುವುದು ನನ್ನ ಕೆಲಸವಲ್ಲ, ಅದು ನಿಮ್ಮ ಡಾಕ್ಟರದ್ದು. ಆ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬೇಕು ಅನ್ನುವುದನ್ನು ಹೇಳುತ್ತೇನೆ.

ಅತ್ತೆಗೆ 68 ವರ್ಷ, ತೂಕ 42 ಕೆ.ಜಿ. ಕ್ರಿಯಾಟಿನಿನ್ 1.1 ಬಂದಿದೆ. ಪಕ್ಕದಲ್ಲೇ 0.6ರಿಂದ 1.2 ನಾರ್ಮಲ್ ಅಂತ ಅಚ್ಚಾಗಿದೆ. ಆದರೂ ಡಾಕ್ಟರು ಕಿಡ್ನಿ ವೀಕ್ ಇದೆ ಎಂದು ಮಂಡಿನೋವಿನ ಮಾತ್ರೆ ನಿಲ್ಲಿಸಿದರು. ಲ್ಯಾಬ್ ಸರಿಯೋ, ಡಾಕ್ಟರ್ ಸರಿಯೋ?
— ಸೊಸೆ, ವಿದ್ಯಾನಗರ, ದಾವಣಗೆರೆ

ಲ್ಯಾಬಿನ ಅಂಕಿಯೂ ಸರಿ, ಡಾಕ್ಟರೂ ಸರಿ. ತಪ್ಪು ಇರುವುದು ಪಕ್ಕದಲ್ಲಿ ಅಚ್ಚಾದ ಆ ಸಾಲನ್ನು ನಾವು ಓದುವ ರೀತಿಯಲ್ಲಿ.

ಕ್ರಿಯಾಟಿನಿನ್ ಅಂದರೆ ಮಾಂಸಖಂಡದ ಕಸ. ಮೈಯಲ್ಲಿ ಮಾಂಸಖಂಡ ಎಷ್ಟಿದೆಯೋ ಅದಕ್ಕೆ ತಕ್ಕಂತೆ ದಿನವೂ ಹೆಚ್ಚುಕಡಿಮೆ ಅಷ್ಟೇ ಹುಟ್ಟುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಹಾಕುತ್ತದೆ. ನಿಮ್ಮ ಬೀದಿಯ ಮೂಲೆಯ ಕಸದ ಗುಡ್ಡೆ ನೆನಪಿಸಿಕೊಳ್ಳಿ. ಆ ಗುಡ್ಡೆ ಎಷ್ಟು ಎತ್ತರ ಇದೆ ಅನ್ನುವುದು ಬೀದಿಯವರು ಎಷ್ಟು ಸುರಿಯುತ್ತಾರೆ, ಕಸದ ಗಾಡಿ ಎಷ್ಟು ಒಯ್ಯುತ್ತದೆ, ಇವೆರಡರ ಮೇಲೆ ನಿಂತಿದೆ. ತರಕಾರಿ ಮಾರ್ಕೆಟ್ಟಿನ ಹತ್ತಿರ ಮಂಡಿಯುದ್ದ ಗುಡ್ಡೆ ಇದ್ದರೆ ಗಾಡಿ ಚೆನ್ನಾಗಿಯೇ ಬರುತ್ತಿದೆ ಅಂತ ಅರ್ಥ. ನಾಲ್ಕೇ ಮನೆ ಇರುವ ಓಣಿಯಲ್ಲಿ ಅಷ್ಟೇ ಎತ್ತರದ ಗುಡ್ಡೆ ಕಂಡರೆ ಗಾಡಿ ಸರಿಯಾಗಿ ಬರುತ್ತಿಲ್ಲ ಅಂತಲೇ ಅಲ್ವಾ?

ನಿಮ್ಮ ಅತ್ತೆ ನಾಲ್ಕು ಮನೆಯ ಓಣಿ. 42 ಕೆ.ಜಿ. ಮೈಯಲ್ಲಿ, ಅದೂ ಈ ವಯಸ್ಸಿನಲ್ಲಿ, ಮಾಂಸಖಂಡ ಎಷ್ಟಿದ್ದೀತು? ಅಷ್ಟು ಕಡಿಮೆ ಕಸ ಹುಟ್ಟುವಾಗಲೂ ರಕ್ತದಲ್ಲಿ 1.1 ನಿಂತಿದೆ. ಎಪಿಎಂಸಿಯಲ್ಲಿ ಮೂಟೆ ಹೊರುವ 25 ವರ್ಷದ ಹಮಾಲಿಗೂ 1.1 ಬರಬಹುದು. ಅವನದ್ದು ಮಾರ್ಕೆಟ್ಟು, ಚಿಂತೆಯಿಲ್ಲ.

ಇದನ್ನು ಸರಿದೂಗಿಸಲಿಕ್ಕೇ ಸೂತ್ರಗಳು ಬಂದವು. ಈಗ ಬಹಳಷ್ಟು ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಇನ್ನೊಂದು ಸಾಲು ಇರುತ್ತದೆ. ಅದನ್ನು ಯಾವ ಯಂತ್ರವೂ ಅಳೆದಿರುವುದಿಲ್ಲ. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ, ಈ ಮೂರನ್ನು ಸೂತ್ರಕ್ಕೆ ಹಾಕಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕಿಡ್ನಿಯ ಜರಡಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬ ಅಂದಾಜು ಅದು. ಅಂದಾಜು ಅನ್ನುವ ಮಾತನ್ನು ಮರೆಯಬೇಡಿ. 2021ರಲ್ಲಿ ಬಂದ ಸಿಕೆಡಿ-ಎಪಿ ಎಂಬ ಹೊಸ ಸೂತ್ರಕ್ಕೆ ಹಾಕಿದರೆ ಆ ಹಮಾಲಿಗೆ 96 ಬರುತ್ತದೆ, ನಿಮ್ಮ ಅತ್ತೆಗೆ 55. ಅದೇ 1.1!

ಕಾಗದದ ಮೇಲೆ ಮಾಡಬಹುದಾದ ಹಳೆಯ ಲೆಕ್ಕವೂ ಒಂದಿದೆ. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು ಕೆನಡಾದಲ್ಲಿ ಕೊಟ್ಟದ್ದು. 140ರಲ್ಲಿ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ. ಬಂದದ್ದನ್ನು 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. ನಿಮ್ಮ ಅತ್ತೆಯ ಲೆಕ್ಕ ಸುಲಭ: 140ರಲ್ಲಿ 68 ಹೋದರೆ 72, ಮೇಲಿನ 72ಕ್ಕೂ ಕೆಳಗಿನ 72ಕ್ಕೂ ಹೊಡೆದುಹೋಯಿತು, ಉಳಿದದ್ದು 42 ಭಾಗಿಸು 1.1. ಅಂದರೆ 38. ಅದಕ್ಕೆ 0.85 ಹಾಕಿದರೆ 32. (ಆ 0.85ರ ಕಥೆ ತಮಾಷೆಯದು. ಅವರು ಲೆಕ್ಕಕ್ಕೆ ತೆಗೆದುಕೊಂಡ 249 ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಹೆಂಗಸರಿಗೆ ನೂರಕ್ಕೆ ಹದಿನೈದು ಕಡಿಮೆ ಮಾಡಿ ಅಂದದ್ದು ಒಂದು ಊಹೆ. ಐವತ್ತು ವರ್ಷದಿಂದ ಅದೇ ನಡೆದುಕೊಂಡು ಬಂದಿದೆ.)

ಒಂದೇ ಅಜ್ಜಿಗೆ ಒಂದು ಸೂತ್ರ 55 ಅನ್ನುತ್ತದೆ, ಇನ್ನೊಂದು 32 ಅನ್ನುತ್ತದೆ, ಇದೇನು ಅನ್ನಿಸಬಹುದು. ಒಂದು ಕಾರಣ ಅಳತೆಯ ಪಾತ್ರೆಯೇ ಬೇರೆ. ಹೊಸ ಸೂತ್ರದ ಅಂಕಿ, ಮೈಯ ಹೊರಮೈ 1.73 ಚದರ ಮೀಟರ್ ಇರುವ ವ್ಯಕ್ತಿಗೆ ಹೊಂದಿಸಿದ್ದು. ನಿಮ್ಮ ಅತ್ತೆ ಐದಡಿ ಎತ್ತರ ಅಂದುಕೊಂಡರೆ ಅವರ ಹೊರಮೈ 1.33 ಆಸುಪಾಸು. ಅದಕ್ಕೆ ಇಳಿಸಿದರೆ 55 ಅನ್ನುವುದು 42ಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಕಾರಣ, ಹಳೆಯ ಸೂತ್ರ ತೂಕ ಕೇಳುತ್ತದೆ, ಹೊಸದು ಕೇಳುವುದೇ ಇಲ್ಲ. ಸಣಕಲು ಮೈಯವರಿಗೆ ಹೊಸ ಸೂತ್ರ ಸ್ವಲ್ಪ ಧಾರಾಳ. ಅದನ್ನು ಕಟ್ಟಿದ್ದು ಬಹುಪಾಲು ಅಮೆರಿಕ, ಯುರೋಪಿನವರ ರಕ್ತದ ಮೇಲೆ. ಜೋಳದ ರೊಟ್ಟಿ, ಸೊಪ್ಪಿನ ಸಾರು ಉಂಡುಕೊಂಡು 42 ಕೆ.ಜಿ. ಇರುವ ನಮ್ಮೂರ ಅಜ್ಜಿಯನ್ನು ಅದು ನೋಡಿಲ್ಲ.

ಹಾಗಾಗಿ 55ನ್ನು ಹಿಡಿದು ಜಗಳ ಮಾಡುವುದೂ ಬೇಡ, 32 ಅಂತ ಹೆದರುವುದೂ ಬೇಡ. ನಿಜ ನಡುವೆ ಎಲ್ಲೋ ಇರಬಹುದು. ಖಚಿತ ಬೇಕಿದ್ದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಇದೆ, ಅದು ಮಾಂಸಖಂಡವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಥೈರಾಯ್ಡ್ ತೊಂದರೆ ಇದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಹೇಳಿ, ಅವು ಇದನ್ನು ಏರುಪೇರು ಮಾಡುತ್ತವೆ. ಏನೇ ಆಗಲಿ, ನೋವಿನ ಮಾತ್ರೆ ನಿಲ್ಲಿಸಿದ್ದು ಸರಿ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಜಾತಿಯವು ಕಿಡ್ನಿಗೆ ಹರಿಯುವ ರಕ್ತವನ್ನೇ ಕಡಿಮೆ ಮಾಡುತ್ತವೆ.

ಮಗ ದುಬೈನಲ್ಲಿದ್ದಾನೆ, 35 ವರ್ಷ. ಅಲ್ಲಿನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 97 ಅಂತ ಇದೆ! ಎರಡು ದಿನದಿಂದ ನಿದ್ದೆ ಇಲ್ಲ.
— ತಾಯಿ, ಹರಿಹರ

ನಿದ್ದೆ ಮಾಡಿ ತಾಯಿ. ಅದು ಮೈಕ್ರೋಮೋಲ್ ಲೆಕ್ಕ, ನಮ್ಮದು ಮಿಲಿಗ್ರಾಂ ಲೆಕ್ಕ. 88.4ರಿಂದ ಭಾಗಿಸಿ. 1.1 ಬರುತ್ತದೆ. ಅವನ ವಯಸ್ಸಿಗೆ ಇಜಿಎಫ್‌ಆರ್ 90. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನು ಬರೆದಿದೆ ಅನ್ನುವುದನ್ನು ಇನ್ನು ಮೇಲೆ ಮೊದಲು ನೋಡಿ.

ವಯಸ್ಸು 24. ಜಿಮ್‌ಗೆ ಹೋಗುತ್ತೇನೆ. ಕೆಲಸಕ್ಕೆ ಸೇರುವಾಗಿನ ಚೆಕಪ್‌ನಲ್ಲಿ ಕ್ರಿಯಾಟಿನಿನ್ 1.5, ಇಜಿಎಫ್‌ಆರ್ 66 ಬಂದಿದೆ. ನೆಟ್‌ನಲ್ಲಿ ನೋಡಿದರೆ ಕಿಡ್ನಿ ಕಾಯಿಲೆಯ ಎರಡನೇ ಸ್ಟೇಜ್ ಅಂತಿದೆ. ಕ್ರಿಯಾಟಿನ್ ಪೌಡರ್ ತೆಗೆದುಕೊಳ್ಳುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
— ಹೆಸರು ಬೇಡ, ದಾವಣಗೆರೆ

ಹೆಸರಿನಲ್ಲೇ ಸಂಬಂಧ ಇದೆಯಲ್ಲ ಮಾರಾಯ. ಕ್ರಿಯಾಟಿನ್ ಒಡೆದರೆ ಬರುವುದೇ ಕ್ರಿಯಾಟಿನಿನ್. ಮೈಯಲ್ಲಿ ಇರುವ ಕ್ರಿಯಾಟಿನ್‌ನಲ್ಲಿ ದಿನಕ್ಕೆ ನೂರಕ್ಕೆ ಎರಡರಷ್ಟು ತಾನಾಗಿಯೇ ಹಾಗೆ ಬದಲಾಗುತ್ತದೆ. ಡಬ್ಬಿಯಿಂದ ಚಮಚ ಚಮಚ ಹಾಕಿಕೊಂಡರೆ ಬದಲಾಗುವುದೂ ಜಾಸ್ತಿ. ಮೇಲೆ ಕಟ್ಟಿದ ಮೈ, ಅದರ ಕಸ ಬೇರೆ. ಬೇಯಿಸಿದ ಮಾಂಸದಲ್ಲೂ ಕ್ರಿಯಾಟಿನಿನ್ ಇರುತ್ತದೆ, ರಾತ್ರಿ ಮಟನ್ ಹೊಡೆದು ಬೆಳಿಗ್ಗೆ ರಕ್ತ ಕೊಟ್ಟರೆ ಅಂಕಿ ಮೇಲೇರುತ್ತದೆ. ಸೂತ್ರಕ್ಕೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 24 ವರ್ಷದ ಒಬ್ಬ ಗಂಡಸು ಅಂತಷ್ಟೇ.

ಆದರೆ "ಪೌಡರ್‌ನಿಂದ ಬಂದದ್ದು ಬಿಡಿ" ಎಂದು ನಾನೂ ಹೇಳುವುದಿಲ್ಲ, ನಿಮ್ಮ ಜಿಮ್ ಮಾಸ್ತರರೂ ಹೇಳಬಾರದು. ಎರಡು ಮೂರು ವಾರ ಪೌಡರ್ ನಿಲ್ಲಿಸಿ. ಪರೀಕ್ಷೆಗೆ ಮುಂಚೆ ಎರಡು ದಿನ ಭಾರ ಎತ್ತಬೇಡಿ, ಹಿಂದಿನ ದಿನ ಮಾಂಸ ಬೇಡ, ನೀರು ಸರಿಯಾಗಿ ಕುಡಿಯಿರಿ. ಆಮೇಲೆ ಮತ್ತೆ ಮಾಡಿಸಿ. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ, ಬಿಪಿ ನೋಡಿಸಿ. ಪೌಡರ್ ಕ್ರಿಯಾಟಿನಿನ್ ಏರಿಸಬಹುದು, ಆದರೆ ಮೂತ್ರದಲ್ಲಿ ಅಲ್ಬುಮಿನ್ ಬರಿಸುವುದಿಲ್ಲ. ಅದು ಬಂದರೆ ಕಿಡ್ನಿ ಡಾಕ್ಟರ ಹತ್ತಿರ ಹೋಗಿ. ಇನ್ನು ಎರಡನೇ ಸ್ಟೇಜ್ ಅನ್ನುವ ಮಾತು: 60ರಿಂದ 89ರ ನಡುವಿನ ಅಂಕಿ ಒಂದೇ ಇದ್ದರೆ ಅದು ಕಾಯಿಲೆ ಅಲ್ಲ. ಮೂತ್ರದಲ್ಲೋ ಸ್ಕ್ಯಾನಿನಲ್ಲೋ ಬೇರೆ ತೊಂದರೆಯೂ ಕಂಡರೆ ಮಾತ್ರ ಹಾಗೆ ಅನ್ನುವುದು.

ನಿವೃತ್ತ ಮೇಷ್ಟ್ರು ನಾನು, 61 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಪ್ರತಿ ವರ್ಷ ಕ್ರಿಯಾಟಿನಿನ್ 0.9 ಬರುತ್ತದೆ, ಒಂದು ಚೂರೂ ಏರಿಲ್ಲ. ಮೂತ್ರಪರೀಕ್ಷೆಯೂ ಬೇಕು ಅನ್ನುತ್ತಾರೆ, ಸುಮ್ನೆ ದುಡ್ಡು ಕೀಳಲಿಕ್ಕಾ?
— ಚಳ್ಳಕೆರೆ

ಮೇಷ್ಟ್ರೇ, ಈ ಒಂದು ಪರೀಕ್ಷೆಗೆ ದುಡ್ಡು ಕೊಡಿ. ನಿಮ್ಮ ಇಜಿಎಫ್‌ಆರ್ 97, ಚೆನ್ನಾಗಿದೆ. ಆದರೆ ಕ್ರಿಯಾಟಿನಿನ್ ತಡವಾಗಿ ಮಾತಾಡುವ ಜಾತಿ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಜರಡಿಗಳಿವೆ. ಒಂದಷ್ಟು ಹಾಳಾದರೆ ಉಳಿದವು ಎರಡು ಪಾಲು ದುಡಿಯುತ್ತವೆ. ಒಂದು ಕಿಡ್ನಿಯನ್ನೇ ದಾನ ಕೊಟ್ಟವರ ಕ್ರಿಯಾಟಿನಿನ್ ಎಷ್ಟೋ ಸಲ ನಾರ್ಮಲ್ ಗೆರೆಯ ಒಳಗೇ ಇರುತ್ತದೆ, ಅಷ್ಟು ಮೌನ ಅದು. ಶುಗರ್‌ನ ಮೊದಮೊದಲಲ್ಲಂತೂ ಕಿಡ್ನಿ ಮಾಮೂಲಿಗಿಂತ ಜೋರಾಗಿಯೇ ಸೋಸುತ್ತಿರುತ್ತದೆ, ಅಂಕಿ ಇನ್ನೂ ಚೆಂದ ಕಾಣುತ್ತದೆ.

ಜರಡಿಯ ಕಣ್ಣು ಸಡಿಲವಾದರೆ ಮೊದಲು ಗೊತ್ತಾಗುವುದು ಮೂತ್ರದಲ್ಲಿ. ರಕ್ತದಲ್ಲೇ ಇರಬೇಕಾದ ಅಲ್ಬುಮಿನ್ ಸೋರುತ್ತದೆ. ನೀವು ಕೇಳಬೇಕಾದದ್ದು ಅಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ, ಲ್ಯಾಬಿನಲ್ಲಿ ಎಸಿಆರ್ ಅಂತಾರೆ. ಸಾದಾ ಮೂತ್ರಪರೀಕ್ಷೆಯಲ್ಲಿ ಕಾಗದದ ಪಟ್ಟಿ ಅದ್ದಿ "ಅಲ್ಬುಮಿನ್: ನಿಲ್" ಎಂದು ಬರೆದಿರುತ್ತಾರಲ್ಲ, ಅದು ಸಾಲದು, ಆ ಪಟ್ಟಿ ಸಣ್ಣ ಸೋರಿಕೆಯನ್ನು ಹಿಡಿಯುವುದಿಲ್ಲ. ಎಸಿಆರ್ ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ. ಅದಕ್ಕೂ ಮೇಲೆ ಹೋದರೆ ತುಂಬಾ ಸೋರುತ್ತಿದೆ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ ಕೊಡಬೇಡಿ, ಸುಳ್ಳು ಏರಿಕೆ ತೋರಿಸುತ್ತದೆ. ಒಮ್ಮೆ ಜಾಸ್ತಿ ಬಂದರೆ ಮೂರರಿಂದ ಆರು ತಿಂಗಳ ಒಳಗೆ ಇನ್ನೆರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

0.9 ನೋಡಿಕೊಂಡು ನಿಶ್ಚಿಂತೆಯಿಂದ ಇದ್ದು, ಕಾಲು ಊದಿದ ಮೇಲೆ ಬಂದವರನ್ನು ನಾನು ಕೌಂಟರಿನ ಈಚೆಯಿಂದ ಬಹಳ ನೋಡಿದ್ದೇನೆ. ರಿಪೋರ್ಟುಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ವರ್ಷದ ಪ್ರಕಾರ ಜೋಡಿಸಿ ತಂದಿರುತ್ತಾರೆ, ಒಂದರಲ್ಲೂ ಎಸಿಆರ್ ಇರುವುದಿಲ್ಲ. ಯಾರೂ ಬರೆದುಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ಒಂದೇ ವಾರದಲ್ಲಿ ಎರಡು ಲ್ಯಾಬ್. ಒಂದರಲ್ಲಿ ಕ್ರಿಯಾಟಿನಿನ್ 1.3, ಇನ್ನೊಂದರಲ್ಲಿ 1.5. ವಯಸ್ಸು 52. ತೋಟದ ಕೆಲಸ. ವಾರದಲ್ಲಿ ಕಿಡ್ನಿ ಇಷ್ಟು ಇಳಿಯುತ್ತಾ?
— ಹಿರಿಯೂರು ತಾಲ್ಲೂಕು

ಇಳಿಯಲೂಬಹುದು, ಆದರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ಕಂಡುಹಿಡಿದ ಬಣ್ಣದ ಕ್ರಿಯೆಯ ಮೇಲೆ ನಿಂತ ವಿಧಾನವನ್ನು ಎಷ್ಟೋ ಲ್ಯಾಬುಗಳಲ್ಲಿ ಇವತ್ತಿಗೂ ಬಳಸುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಅದನ್ನು ಕೈಯಲ್ಲೇ ಮಾಡುತ್ತಿದ್ದೆವು. ಪಿಕ್ರಿಕ್ ಆಮ್ಲದ ಹಳದಿ ನೀರು, ಅರಿಶಿನ ಕದಡಿದ ಹಾಗೆ. ಅದಕ್ಕೆ ಕ್ಷಾರ ಸೇರಿಸಿ ಸೀರಮ್ ಬಿಟ್ಟರೆ ನಿಧಾನಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಎಷ್ಟು ಗಾಢವೋ ಕ್ರಿಯಾಟಿನಿನ್ ಅಷ್ಟು ಜಾಸ್ತಿ. ಬೆರಳ ಸಂದಿಗೆ ಹತ್ತಿದ ಹಳದಿ ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ, ಮಂಡಕ್ಕಿಗೆ ಕೈ ಹಾಕಿದರೆ ಜೊತೆಯವರು ಬೈಯುತ್ತಿದ್ದರು. ತೊಂದರೆ ಏನೆಂದರೆ ಬಣ್ಣ ತಿರುಗಿಸುವುದು ಕ್ರಿಯಾಟಿನಿನ್ ಒಂದೇ ಅಲ್ಲ. ಶುಗರ್ ಜೋರಾಗಿದ್ದರೆ, ಕೀಟೋನ್ ಇದ್ದರೆ, ಕೆಲವು ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಕಾಮಾಲೆ ಇದ್ದರೆ ಸುಳ್ಳೇ ಇಳಿಯುತ್ತದೆ. ಎಂಜೈಮ್ ವಿಧಾನ ಬಳಸುವ ಲ್ಯಾಬಿನಲ್ಲಿ ಈ ಕಾಟ ಕಡಿಮೆ. ಒಂದು ಲ್ಯಾಬ್ ಹಳೇದು, ಇನ್ನೊಂದು ಹೊಸದು ಬಳಸಿದರೆ 0.2 ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ.

ಆದರೆ ಆ 0.2ರಿಂದ ಸೂತ್ರದಲ್ಲಿ ಏನಾಗುತ್ತದೆ ನೋಡಿ. 1.3ಕ್ಕೆ ನಿಮ್ಮ ಇಜಿಎಫ್‌ಆರ್ 66. 1.5ಕ್ಕೆ 56. ನಡುವೆ 60 ಅನ್ನುವ ಗೆರೆ ಇದೆ, ಗೆರೆಯ ಕೆಳಗೆ ಬಂದರೆ "ಮೂರನೇ ಸ್ಟೇಜ್" ಎಂಬ ಹಣೆಪಟ್ಟಿ. ಒಂದು ಟ್ಯೂಬ್ ರಕ್ತದ ಮೇಲೆ ಆ ಪಟ್ಟಿ ಹಚ್ಚಿಸಿಕೊಳ್ಳಬೇಡಿ. ಮೂರು ತಿಂಗಳು ಕಳೆದ ಮೇಲೂ 60ರ ಕೆಳಗೇ ಇದ್ದರೆ ಮಾತ್ರ ದೀರ್ಘಕಾಲದ ಕಾಯಿಲೆ ಅನ್ನುತ್ತಾರೆ. ಅಲ್ಲಿಯವರೆಗೆ ಒಂದೇ ಲ್ಯಾಬಿಗೆ ಹೋಗಿ.

ಇನ್ನೊಂದು ಮಾತು. ನಿಮ್ಮ ಕಡೆಯ ಬಿಸಿಲು ನನಗೆ ಗೊತ್ತು. ಮಧ್ಯಾಹ್ನದವರೆಗೆ ತೋಟದಲ್ಲಿ ಬೆವರು ಸುರಿಸಿ, ನೀರು ಸರಿಯಾಗಿ ಕುಡಿಯದೆ, ಸಂಜೆ ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗಿ, ಮರುದಿನ ರಕ್ತ ಕೊಟ್ಟರೆ 1.3 ಇದ್ದದ್ದು 1.5 ಆಗಲಿಕ್ಕೆ ಲ್ಯಾಬ್ ಬದಲಾಗಬೇಕಾಗಿಯೇ ಇಲ್ಲ. ಆ ಮಾತ್ರೆ ತೆಗೆದುಕೊಳ್ಳುತ್ತೀರೋ ಇಲ್ಲವೋ ನೀವು ಬರೆದಿಲ್ಲ. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಬ್ಲಡ್ ಯೂರಿಯಾ 48. ದಾರೆಹುಳಿ ರಸ ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತೆ ಅಂತಾರೆ.
— ಚಿತ್ರದುರ್ಗ

ದಾರೆಹುಳಿ ಬೇಡವೇ ಬೇಡ. ಕಿಡ್ನಿ ಮೊದಲೇ ಸೋತಿದ್ದರೆ ಅದು ವಿಷವಾಗುತ್ತದೆ, ತಲೆಗೂ ಏರುತ್ತದೆ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಿದ್ದು ಉಂಟು. ಯೂರಿಯಾ ಒಂದನ್ನೇ ನೋಡಿ ಕಿಡ್ನಿಯ ಲೆಕ್ಕ ಹಾಕಲು ಬರುವುದಿಲ್ಲ. ನೀರು ಕಡಿಮೆಯಾದರೆ, ಬೇಳೆ ಮಾಂಸ ಜಾಸ್ತಿಯಾದರೆ, ಹೊಟ್ಟೆಯೊಳಗೆ ರಕ್ತ ಸೋರಿದರೆ ಅದು ಏರುತ್ತದೆ. ಕ್ರಿಯಾಟಿನಿನ್ ಎಷ್ಟಿದೆ ಬರೆಯಿರಿ.

ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕಾಯಿಸಿ ಕುಡಿದರೆ ಸಾಕಾ? ಕ್ರಿಯಾಟಿನಿನ್ ಮಾಡಿಸಿದರೆ ಅದು ಗೊತ್ತಾಗುತ್ತಾ?
— ಜಗಳೂರು

ಎರಡಕ್ಕೂ ಇಲ್ಲ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಫ್ಲೋರೈಡ್ ಮೊದಲು ಹಿಡಿಯುವುದು ಹಲ್ಲು ಮತ್ತು ಮೂಳೆಯನ್ನು, ಕ್ರಿಯಾಟಿನಿನ್ ಅದನ್ನು ತೋರಿಸುವುದಿಲ್ಲ. ಆದರೆ ಮೈಗೆ ಹೋದ ಫ್ಲೋರೈಡ್ ಹೊರಹೋಗುವ ದಾರಿ ಕಿಡ್ನಿಯೇ. ಕಿಡ್ನಿ ನಿಧಾನವಾದವರ ಮೈಯಲ್ಲಿ ಅದು ಬೇಗ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಅಂಥವರಿದ್ದರೆ ಮೊದಲು ಅವರಿಗೆ ಶುದ್ಧೀಕರಿಸಿದ ನೀರು ಕೊಡಿ.

ತಮ್ಮನಿಗೆ 45 ವರ್ಷ. ವಾಂತಿ ಭೇದಿಯಾಗಿ ಅಡ್ಮಿಟ್ ಆಗಿದ್ದ. ಹೋದ ವರ್ಷ ಕ್ರಿಯಾಟಿನಿನ್ 0.9 ಇತ್ತು. ಅಡ್ಮಿಟ್ ಆದಾಗ 2.4, ಇಜಿಎಫ್‌ಆರ್ 33 ಅಂತ ಬಂತು. ನಾಲ್ಕು ದಿನಕ್ಕೆ 1.6 ಆಯಿತು, 54. ಮೂರನೇ ಸ್ಟೇಜಿಗೆ ಬಂದುಬಿಟ್ಟನಾ?
— ಅಣ್ಣ, ಹೊನ್ನಾಳಿ

ಮತ್ತೆ ಕಸದ ಗುಡ್ಡೆಗೇ ಬರೋಣ. ಗಾಡಿ ಇವತ್ತು ಬೆಳಿಗ್ಗೆಯೇ ನಿಂತುಹೋಯಿತು ಅಂದುಕೊಳ್ಳಿ. ಮಧ್ಯಾಹ್ನ ಗುಡ್ಡೆ ಇನ್ನೂ ಚಿಕ್ಕದೇ ಇರುತ್ತದೆ. ಅದನ್ನು ನೋಡಿ "ಗಾಡಿ ಅರ್ಧಂಬರ್ಧ ಬರುತ್ತಿದೆ" ಅಂತ ಲೆಕ್ಕ ಹಾಕಿದರೆ ತಪ್ಪು, ಗಾಡಿ ಬಂದೇ ಇಲ್ಲ. ನಾಳಿದ್ದು ಗಾಡಿ ಮತ್ತೆ ಪೂರ್ತಿ ಓಡಾಡಲು ಶುರುಮಾಡಿದರೂ ಹಳೆಯ ಗುಡ್ಡೆ ಕರಗಲು ಎರಡು ಮೂರು ದಿನ ಬೇಕು. ಇಜಿಎಫ್‌ಆರ್ ಸೂತ್ರಗಳೆಲ್ಲ ಗುಡ್ಡೆ ಏರದೆ ಇಳಿಯದೆ ನಿಂತಿರುವಾಗಿನ ಲೆಕ್ಕ. ಕ್ರಿಯಾಟಿನಿನ್ ದಿನದಿನಕ್ಕೆ ಬದಲಾಗುತ್ತಿರುವಾಗ ಆ 33ಕ್ಕೂ ಅರ್ಥವಿಲ್ಲ, 54ಕ್ಕೂ ಇಲ್ಲ. ಕಂಪ್ಯೂಟರಿಗೆ ಅದು ಗೊತ್ತಿಲ್ಲದೆ ಅಚ್ಚು ಹಾಕಿಬಿಡುತ್ತದೆ. ಅಂಥ ಕಡೆ ಆ ಸಾಲನ್ನೇ ಅಚ್ಚು ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ, ನಾನಿದ್ದ ಕಡೆ ಹೇಳಿ ಹೇಳಿ ಸೋತೆ.

ಈಗ ಮುಖ್ಯವಾದದ್ದು ಅಂಕಿ ಯಾವ ಕಡೆ ಹೊರಟಿದೆ, ಮೂತ್ರ ಚೆನ್ನಾಗಿ ಹೋಗುತ್ತಿದೆಯಾ ಅನ್ನುವುದು. 2.4ರಿಂದ 1.6 ಅಂದರೆ ಇಳಿಯುತ್ತಿದೆ, ಒಳ್ಳೆಯದು. ಡಾಕ್ಟರು ಹೇಳಿದ ದಿನ ಮತ್ತೆ ಮಾಡಿಸಿ, ಮೂರು ತಿಂಗಳಿಗೆ ಇನ್ನೊಮ್ಮೆ ಎಸಿಆರ್ ಜೊತೆಗೆ ಮಾಡಿಸಿ. ಆ ಹೋದ ವರ್ಷದ 0.9 ಇದೆಯಲ್ಲ, ಆ ಕಾಗದ ಕಳೆಯಬೇಡಿ. ಅದು ಇರದಿದ್ದರೆ ಈ 1.6 ಹೊಸದೋ ಹಳೆಯದೋ ಎಂದು ಯಾವ ಡಾಕ್ಟರಿಗೂ ಹೇಳಲು ಬರುತ್ತಿರಲಿಲ್ಲ.

ಕಿಡ್ನಿ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ? ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೋದರೆ?
— ಪಿ.ಜೆ. ಬಡಾವಣೆ, ದಾವಣಗೆರೆ

ಬರೀ ಕ್ರಿಯಾಟಿನಿನ್ ಆದರೆ ಧಾರಾಳವಾಗಿ ತಿಂದು ಹೋಗಿ, ದೋಸೆಯಿಂದ ಅದು ಏರುವುದಿಲ್ಲ, ಬೆಣ್ಣೆಯಿಂದಲೂ ಇಲ್ಲ. ಜೊತೆಯಲ್ಲೇ ಫಾಸ್ಟಿಂಗ್ ಶುಗರ್ ಬರೆದಿದ್ದರೆ ಮಾತ್ರ ರಕ್ತ ಕೊಟ್ಟ ಮೇಲೆ ತಿನ್ನಿ.